ವೋಗೆಲ್ ಸಾಹೇಬರ ಟೀಪಾಯಿ

ಈಶಪ್ಪನವರು ಪೀಣ್ಯದ ಒಂದು ಗೇರ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಇನ್ಸ್‌ಪೆಕ್ಟರ್ ಆಗಿದ್ದರು. ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ, ಕ್ವಾಲಿಟಿ ಇನ್ಸ್‌ಪೆಕ್ಟರ್. ಬೇರೆಯವರು ಮಾಡಿದ್ದನ್ನು ಅಳೆದು ನೋಡಿ ‘ಇದು ಆಗಲ್ಲ’ ಅನ್ನುವುದು ಅವರ ಕೆಲಸ. ದಿನಕ್ಕೆ ಎಂಟು ಗಂಟೆ ಪರರ ತಪ್ಪು ಹುಡುಕುವ ಮನುಷ್ಯನಿಗೆ, ತಾನು ಮಾಡಿದ್ದರೆ ತಪ್ಪೇ ಆಗುತ್ತಿರಲಿಲ್ಲ ಎಂಬ ನಂಬಿಕೆ ತಾನಾಗಿ ಬೆಳೆಯುತ್ತದೆ. ಪುಣ್ಯಕ್ಕೆ, ಐವತ್ತನಾಲ್ಕನೇ ವಯಸ್ಸಿನ ತನಕ ಅವರು ಏನನ್ನೂ ಮಾಡಲು ಹೋಗಿರಲಿಲ್ಲ.

ಹೋಗುವಂತೆ ಮಾಡಿದ್ದು ಅವರ ಷಡ್ಡಕ ರಾಜೇಂದ್ರ. ಈಶಪ್ಪನವರ ಹೆಂಡತಿ ಮಹಾನಂದಾಳ ತಂಗಿ ಶೈಲಶ್ರೀಯ ಗಂಡ. ಚಂದಾಪುರದಲ್ಲಿ ಹೊಸ ಫ್ಲ್ಯಾಟ್ ತಗೊಂಡಿದ್ದ. ಗೃಹಪ್ರವೇಶಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಹೆಂಡತಿಯ ಅಕ್ಕ, ಭಾವನನ್ನು ಕರೆಸಿ, ಸ್ವಿಚ್ಚಿನಿಂದ ಹಿಡಿದು ಕಮೋಡಿನ ತನಕ ಎಲ್ಲ ತೋರಿಸಿದ. ಕೊನೆಗೆ ಹಾಲ್‌ನಲ್ಲಿದ್ದ ಒಂದು ಸಣ್ಣ ಟೀಪಾಯಿಯ ಮುಂದೆ ನಿಂತು ದನಿ ತಗ್ಗಿಸಿದ.

“ಅಣ್ಣಾರ, ಇದು ಓಕ್ ಮರ. ನಮ್ಮ ದೇಶದಾಗ ಬೆಳಿಯಂಗಿಲ್ಲ.”

ಈಶಪ್ಪನವರು ಬಗ್ಗಿ, ಒಂದು ಕಣ್ಣು ಮುಚ್ಚಿ, ಟೀಪಾಯಿಯ ಅಂಚನ್ನು ನೋಡಿದರು. “ಎರಡು ಮಿಲಿಮೀಟರ್ ಸೊಟ್ಟ ಐತಿ,” ಅಂದರು.

ಶೈಲಶ್ರೀ ಚಹಾದ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ಇಲ್ಲಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಈಶಪ್ಪನವರು ಮುಂದುವರಿದು, “ಇದಕ್ಕಿಂತ ಛಲೋದು ನಾನ ಮಾಡ್ತೀನಿ,” ಅಂದುಬಿಟ್ಟರು.

“ಹಂಗಾರ ಗೃಹಪ್ರವೇಶಕ್ಕ ಒಂದು ನಿಮ್ಮ ಕೈಲೇ ಆಗ್ಲಿ ಅಣ್ಣಾರ,” ಎಂದ ರಾಜೇಂದ್ರ. “ಆದ್ರ ಓಕ್ ಆಗಬೇಕ್ರಿ ಮತ್ತ. ಬೇವಿನ ಮರ ತಂದು ಬಣ್ಣ ಬಳಿಬ್ಯಾಡ್ರಿ.”

ವಾಪಸು ಬರುವಾಗ ಚಂದಾಪುರದಿಂದ ಲಗ್ಗೆರೆಯ ತನಕ, ಅಂದರೆ ಮೂರು ಬಸ್ಸು ಬದಲಾಯಿಸುವ ತನಕ, ಮಹಾನಂದಾ ಕಿಟಕಿಯಾಚೆಗೇ ನೋಡುತ್ತಾ ಬಂದಳು. ಮನೆ ಬೀಗ ತೆಗೆಯುವಾಗ ಮಾತ್ರ, “ನೀವು ಇಪ್ಪತ್ತು ವರ್ಷದಾಗ ಒಂದು ಮೊಳಿ ಹೊಡದೀರೇನ್ರೀ?” ಎಂದು ಕೇಳಿದಳು.

ಈಶಪ್ಪನವರ ಅದೃಷ್ಟವೋ ಗ್ರಹಚಾರವೋ, ಆ ವಾರವೇ ಕಾರ್ಖಾನೆಗೆ ಜರ್ಮನಿಯಿಂದ ಒಂದು ಹೊಸ ಮಷೀನು ಬಂತು. ಆನೆಮರಿಯಷ್ಟು ದಪ್ಪದ ಮಷೀನು. ಅದು ಕೂತಿದ್ದ ಪೆಟ್ಟಿಗೆಯ ತಳಕ್ಕೂ ಪಕ್ಕಕ್ಕೂ ಹಳೇ ಕಾಲದ ದಪ್ಪ ಹಲಗೆಗಳು. ಜೊತೆಗೆ ಬಂದ ಕಾಗದದಲ್ಲಿ ಸ್ಪಷ್ಟವಾಗಿ ‘ಓಕ್’ ಎಂದಿತ್ತು. ಈಶಪ್ಪನವರು ಆ ಕಾಗದವನ್ನು ಮೂರು ಸಲ ಓದಿ ಮ್ಯಾನೇಜರ್ ಲಕ್ಷ್ಮಣಪ್ಪನವರ ಹತ್ತಿರ ಓಡಿದರು. ಒಡೆದ ಪೆಟ್ಟಿಗೆಗೆ ದಿಕ್ಕಿರಲಿಲ್ಲ. ಕ್ಯಾಂಟೀನಿನವರು ಒಲೆಗೆ ಹಾಕುವ ಮುಂಚೆಯೇ ಹದಿನಾಲ್ಕು ಹಲಗೆ ಗೇಟ್ ಪಾಸಿನ ಸಮೇತ ಲಗೇಜ್ ಆಟೋ ಏರಿ ಲಗ್ಗೆರೆಗೆ ಬಂದವು.

ಲಗ್ಗೆರೆಯ ಮನೆ ಲಕ್ಷ್ಮಮ್ಮನದು. ಲಗ್ಗೆರೆ ಇನ್ನೂ ರಾಗಿ ಹೊಲವಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನದ ಎಪ್ಪತ್ತು ದಾಟಿದ ಹೆಂಗಸು. ಕೆಳಗೆ ಅವಳು, ಮೇಲೆ ಹತ್ತೊಂಬತ್ತು ವರ್ಷದಿಂದ ಈಶಪ್ಪನವರು, ಅದರ ಮೇಲೆ ಟೆರೇಸು. ಹಲಗೆಗಳು ಮೆಟ್ಟಿಲು ಹತ್ತುವುದನ್ನು ಲಕ್ಷ್ಮಮ್ಮ ಎಲೆ ಅಡಿಕೆ ಜಗಿಯುತ್ತಾ ನೋಡಿದಳು.

“ಏನಪ್ಪ ಈಸಪ್ಪ, ಮನೆ ಮೇಲೆ ಮನೆ ಕಟ್ತಿದ್ದೀಯಾ?”

“ಟೀಪಾಯಿ ಮಾಡ್ತೀನ್ರಿ ಅಮ್ಮಾರ. ನಿಮಗೂ ಒಂದು.”

“ಅಂಗಾದ್ರೆ ಮಾಡ್ಕೋ. ಆದ್ರೆ ಅಪ್ಪಳ ಒಣಗಾಕೋ ಜಾಗ ಬುಟ್ಟು ಮಾಡ್ಕೋ.”

ಆಮೇಲಿನ ಏಳು ಭಾನುವಾರ ಆ ಬೀದಿಯಲ್ಲಿ ಯಾರೂ ಮಧ್ಯಾಹ್ನ ಮಲಗಲಿಲ್ಲ. ಓಕ್ ಮರ ಈಶಪ್ಪನವರಿಗಿಂತ ಹಠಮಾರಿಯಾಗಿತ್ತು. ಮೊದಲ ದಿನವೇ ಗರಗಸದ ಹಲ್ಲು ಮುರಿಯಿತು. ರಂದಾ ಹೊಡೆದರೆ ಹೊಟ್ಟು ಏಳುವ ಬದಲು ಕಿಡಿ ಏಳುತ್ತದೇನೋ ಅನ್ನುವಂಥ ಸದ್ದು. ಮೊಳೆ ಒಳಕ್ಕೆ ಹೋಗದೆ ಬಗ್ಗಿ, ಹೊಡೆದವರ ಮುಖವನ್ನೇ ನೋಡುತ್ತಿತ್ತು. ಈಶಪ್ಪನವರು ಬಡಗಿಯ ಅಳತೆ ಪಟ್ಟಿಯನ್ನು ನಂಬದೆ ಕಾರ್ಖಾನೆಯ ವರ್ನಿಯರ್ ಮಾಪಕ ಹಿಡಿದು ಪ್ರತಿ ಕಾಲನ್ನೂ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಕರಾರುವಾಕ್ಕಾಗಿ ಅಳೆದರು. ಅಷ್ಟು ಕರಾರುವಾಕ್ಕಾಗಿ ಅಳೆದು, ಕೊನೆಗೆ ಅಂದಾಜಿನ ಮೇಲೆ ಕೊಯ್ದರು. ಏಳನೇ ಭಾನುವಾರ ಮೂರು ಟೀಪಾಯಿ ಸಿದ್ಧವಾದವು: ಷಡ್ಡಕನಿಗೊಂದು, ಲಕ್ಷ್ಮಮ್ಮನಿಗೊಂದು, ತಮಗೊಂದು. ಮೂರೂ ಕುಂಟುತ್ತಿದ್ದವು.

“ನೆಲ ಸಮ ಇಲ್ಲ,” ಎಂದು ಈಶಪ್ಪನವರು ತೀರ್ಪು ಕೊಟ್ಟರು.

ಇಲ್ಲೊಂದು ವಿಷಯ ಹೇಳಬೇಕು. ಪೆಟ್ಟಿಗೆಯ ಪಕ್ಕದ ಹಲಗೆಗಳ ಮೇಲೆ ದಪ್ಪ ಕಪ್ಪು ಇಂಗ್ಲಿಷ್ ಅಕ್ಷರಗಳಿದ್ದವು. ಮೊದಲ ಸಾಲಿನಲ್ಲಿ ‘ಡೆಡ್ ವೇಟ್ 640 ಕೆಜಿ’, ಅಂದರೆ ಮಷೀನಿನ ಸ್ವಂತ ತೂಕ. ಎರಡನೇ ಸಾಲಿನಲ್ಲಿ ಮಷೀನು ಕೂರಿಸಿಕೊಡಲು ಬರುವ ಎಂಜಿನಿಯರ್ ಹೆಸರು, ‘ಎಚ್. ವೋಗೆಲ್’. ಬೇರೆ ಯಾರೇ ಆಗಿದ್ದರೂ ಅದನ್ನು ಉಜ್ಜಿ ಅಳಿಸುತ್ತಿದ್ದರು. ಆದರೆ ಕಚ್ಚಾ ಮಾಲಿನ ಮೇಲಿನ ಗುರುತನ್ನು ಅಳಿಸಬಾರದು ಎಂಬುದು ಕ್ವಾಲಿಟಿ ಇಲಾಖೆಯ ನಿಯಮ. ಈಶಪ್ಪನವರು ಅಕ್ಷರವಿದ್ದ ಮೈಯನ್ನು ಕೆಳಮುಖವಾಗಿ ಇಟ್ಟು ಜೋಡಿಸಿದರು. ಯಾವ ತುಂಡು ಯಾವ ಟೀಪಾಯಿಗೆ ಹೋಯಿತು ಎಂಬುದನ್ನು ಮಾತ್ರ ನೋಡಲಿಲ್ಲ.

ಗೃಹಪ್ರವೇಶ ಅದ್ದೂರಿಯಾಗಿ ನಡೆಯಿತು. ಈಶಪ್ಪನವರ ಟೀಪಾಯಿಯ ಒಂದು ಕಾಲಿನ ಕೆಳಗೆ ಮಡಚಿದ ಲಗ್ನಪತ್ರಿಕೆ ಇಟ್ಟ ಮೇಲೆ ಅದು ಬಂಡೆಯಂತೆ ನಿಂತಿತು. ಅದರ ಮೇಲೆ ಮಡಿ ಬಟ್ಟೆ ಹಾಸಿ, ಪೂಜೆಗೆ ಕರೆಸಿದ್ದ ಜಂಗಮ ಅಯ್ಯನವರ ಪಾದ ಇಡಿಸಿ ಪಾದಪೂಜೆ ಮಾಡಿದರು. ಅಯ್ಯನವರೇ, “ಗಟ್ಟಿ ಐತೆಪಾ, ಯಾರು ಮಾಡ್ಯಾರ?” ಎಂದು ಕೇಳಿದಾಗ ಮಹಾನಂದಾ ತಂಗಿಯ ಕಡೆ ನೋಡಿದ ನೋಟಕ್ಕೆ ಏಳು ಭಾನುವಾರದ ಸದ್ದೂ ಸಾರ್ಥಕವಾಯಿತು. ರಾಜೇಂದ್ರ ತನ್ನ ಅಂಗಡಿಯ ಟೀಪಾಯಿಯನ್ನು ಸುಮ್ಮನೆ ಬಾಲ್ಕನಿಗೆ ಸಾಗಿಸಿದ.

ಈ ವೈಭವ ಹನ್ನೊಂದು ದಿನ ಇತ್ತು.

ಹನ್ನೆರಡನೇ ದಿನ ಬೆಳಿಗ್ಗೆ ಲಕ್ಷ್ಮಮ್ಮ ತನ್ನ ಟೀಪಾಯಿ ಕುಂಟುತ್ತದೆಂದು ನಂದೀಶನನ್ನು ಕರೆದಳು. ನಂದೀಶ ಅದೇ ಕಟ್ಟಡದ ಮೂಲೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಊರವರ ಕಾಗದಪತ್ರವೆಲ್ಲ ಅವನ ಕೈ ಹಾದು ಹೋಗುತ್ತಿದ್ದುದರಿಂದ ಆ ಬೀದಿಯ ಇಂಗ್ಲಿಷಿಗೆ ಅವನೇ ಅಧಿಕಾರಿ. ಅವನು ಟೀಪಾಯಿಯನ್ನು ಬೋರಲು ಹಾಕಿದ. ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

“ಲಕ್ಷ್ಮಮ್ಮಜ್ಜಿ, ಇದನ್ನ ಯಾರು ಕೊಟ್ಟಿದ್ದು?”

“ಮೇಲ್ಗಡೆ ಈಸಪ್ಪ. ಯಾಕ್ಲಾ?”

“ಇಲ್ಲಿ ಬರ್ದಿದೆ. ಡೆಡ್. ಅಂದ್ರೆ ಸತ್ತಿರೋದು. ಕೆಳಗೆ ಹೆಸರಿದೆ, ಎಚ್ ವೋಗೆಲ್.”

ಲಕ್ಷ್ಮಮ್ಮ ಎಲೆ ಅಡಿಕೆ ಉಗಿದಳು. “ಎಸರೇ ಓಗೆಲ್ಲ ಅಂತಾ? ಪಾಪ, ಓಗೇಬುಟ್ಟ! ಅಯ್ಯೋ, ಇದು ಎಣದ ಪೆಟ್ಗೆ ಮರ ಕಣ್ಲಾ!”

ಈಶಪ್ಪನವರು ಕೆಲಸಕ್ಕೆ ಹೊರಟು ಮೆಟ್ಟಿಲಿಳಿದಾಗ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿದ್ದರು. ಟೀಪಾಯಿ ಬೀದಿಯ ಮಧ್ಯದಲ್ಲಿ ನಾಲ್ಕೂ ಕಾಲು ಮೇಲೆ ಮಾಡಿ ಬಿದ್ದಿತ್ತು. ಯಾರೋ ಆಗಲೇ ಅದರ ಸುತ್ತ ನಿಂಬೆಹಣ್ಣು ಕೊಯ್ದು ಹಾಕಿದ್ದರು.

“ಇಲ್ರೀ, ಇದು ಮಷೀನಿನ ಪೆಟ್ಟಿಗಿ. ಡೆಡ್ ವೇಟ್ ಅಂತ ಬರದಾರ. ಮಷೀನಿನ ತೂಕ ಅದು,” ಎಂದು ಈಶಪ್ಪನವರು ವಿವರಿಸಿದರು.

“ಡೆಡ್ ಇದೆ ಸಾರ್. ವೇಟ್ ಎಲ್ಲಿದೆ ತೋರ್ಸಿ,” ಎಂದ ನಂದೀಶ.

“ವೇಟು… ಚಂದಾಪುರದಾಗೈತಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ರುದ್ರಮ್ಮ, “ಹತ್ತೊಂಬತ್ತು ವರ್ಷದಿಂದ ಎಷ್ಟು ಒಳ್ಳೆಯವರಂಗೆ ಇದ್ರು,” ಎಂದು, ಈಶಪ್ಪನವರೇ ತೀರಿಹೋದವರ ಹಾಗೆ ನಿಟ್ಟುಸಿರು ಬಿಟ್ಟಳು.

ಮಹಾನಂದಾ ಮೇಲಿನಿಂದಲೇ ಗಂಡನ ಪರ ನಿಂತಳು. “ಯಾಕ್ರೀ, ಹೆಣದ ಪೆಟ್ಟಿಗಿ ತರಾಕ ನಮ್ಮವರಿಗೇನು ಹುಚ್ಚೇನ್ರೀ? ನಮ್ಮ ಕಡೆ ಸತ್ತವರನ್ನ ಕೂಡಿಸಿ ಮಣ್ಣ ಮಾಡ್ತಾರ. ಪೆಟ್ಟಿಗಿ ಮುಖಾನೂ ನೋಡಿಲ್ಲ ನಾವು!”

“ಅದ್ಕೇ ಕಣವ್ವ ಗುರ್ತು ಸಿಕ್ಕಿಲ್ಲ ನಿಮ್ಗೆ,” ಎಂದಳು ಲಕ್ಷ್ಮಮ್ಮ. “ಭಾನುವಾರದೊಳ್ಗೆ ಮನೆ ಖಾಲಿ ಮಾಡ್ಬುಡಿ. ಆ ಓಗೆಲ್ಲಪ್ಪ ತನ್ನ ಪೆಟ್ಗೆ ಉಡುಕ್ಕೊಂಡು ಬಂದ್ರೆ ನಾನೊಬ್ಳೇ ಎಂಗ್ಸು ಏನ್ ಮಾಡ್ಲಿ?”

ಅಷ್ಟರಲ್ಲಿ ಮಹಾನಂದಾಳ ಫೋನ್ ಹೊಡೆದುಕೊಂಡಿತು. ನಂದೀಶ ತೆಗೆದ ಫೋಟೋ ಮೊಬೈಲಿಂದ ಮೊಬೈಲಿಗೆ ಹಾರಿ ಲಗ್ಗೆರೆಯಿಂದ ಚಂದಾಪುರಕ್ಕೆ ಹೋಗಿ ಮುಟ್ಟಿತ್ತು. ಅದೂ ಒಂದೂ ಬಸ್ಸು ಬದಲಾಯಿಸದೆ. ಶೈಲಶ್ರೀ ಅಳುತ್ತಿದ್ದಳು. ಅವರೂ ತಮ್ಮ ಟೀಪಾಯಿ ಮಗುಚಿ ನೋಡಿದ್ದರು.

“ಅಕ್ಕಾ, ನಮ್ಮದರ ಮ್ಯಾಲೆ ‘ವೇಟ್ ಆರುನೂರಾ ನಲವತ್ತು ಕೆಜಿ’ ಅಂತೈತಿ! ಎಂಥಾ ಮನಷ್ಯಾ ಇದ್ದಾನ ಅಕ್ಕಾ ಅಂವಾ!”

ಹಿಂದಿನಿಂದ ರಾಜೇಂದ್ರನ ದನಿ ಕೇಳಿಸಿತು. “ಆ ಕಡೆ ಮಂದಿ ಬೆಣ್ಣಿ ಭಾಳ ತಿಂತಾರ.” ಆಮೇಲೆ ಅವನೇ ಫೋನ್ ಕಸಿದುಕೊಂಡು, “ಅಣ್ಣಾರ, ಅಯ್ಯನವರಿಗೆ ಗೊತ್ತಾಗೈತಿ. ‘ನಾ ಪಾದ ಇಟ್ಟದ್ದು ಯಾರ ಎದಿ ಮ್ಯಾಲಪಾ’ ಅಂತ ಕೇಳಾಕತ್ಯಾರ. ಏನ್ ಹೇಳ್ಲಿ?” ಎಂದ. ಅವನ ದನಿಯಲ್ಲಿ ದುಃಖಕ್ಕಿಂತ ಬೇರೆ ಏನೋ ಇತ್ತು. ಬಾಲ್ಕನಿಯಿಂದ ಏನನ್ನೋ ಎಳೆದು ತರುತ್ತಿರುವ ಸದ್ದೂ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಇರಣ್ಣ ಬಂದರು. ರಜೆ ಹಾಕಿ ಕೂತಿದ್ದ ಈಶಪ್ಪನವರಿಗೆ, ಮಾತಿನ ಧಾಟಿಯಿಂದಲೇ ನಮ್ಮ ಕಡೆಯವರು ಎಂದು ತಿಳಿದು ಜೀವ ಬಂದ ಹಾಗಾಯಿತು. ಅದು ಬಹಳ ಹೊತ್ತು ಇರಲಿಲ್ಲ.

“ಹೆಣ ಎಲ್ಲೈತಿ?” ಎಂದು ಇರಣ್ಣ ಕೇಳಿದರು.

“ಹೆಣ ಇಲ್ರೀ ಸಾಹೇಬ್ರ.”

“ಇಲ್ಲ ಅಂದ್ರ? ಎಲ್ಲಿ ಕಳಿಸೀರಿ?”

“ಕಳಿಸಿಲ್ರೀ. ಬಂದ ಇಲ್ಲ. ಬಂದಿದ್ದು ಬರೇ ಮಷೀನು.”

“ಮಷೀನು ಸತ್ತೈತೇನು? ಡೆಡ್ ಅಂತ ಯಾರಿಗೆ ಬರದಾರ ಮತ್ತ?” ಇರಣ್ಣ ಪುಸ್ತಕ ತೆಗೆದರು. “ನೋಡ್ರಿ ಈಶಪ್ಪಾರ, ಈ ವೋಗೆಲ್ ಜೀವಂತ ಅದಾನೋ ಸತ್ತಾನೋ, ಎರಡ್ರಾಗೊಂದು ನನಗ ಬರವಣಿಗ್ಯಾಗ ಬೇಕು. ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕೀನಿ ಅಂತ ಪತ್ರ ಕೊಡ್ತಾರಲ್ಲ, ಅಂಥಾದ್ದು. ಶನಿವಾರ ಸಂಜಿಗೆ ಬರ್ತೀನಿ.”

ಈಶಪ್ಪನವರು ಮರುದಿನ, ಗುರುವಾರ ಬೆಳಿಗ್ಗೆ ಮ್ಯಾನೇಜರ್ ಲಕ್ಷ್ಮಣಪ್ಪನವರ ಎದುರು ಕೈ ಕಟ್ಟಿ ನಿಂತರು. “ಸಾರ್, ವೋಗೆಲ್ ಸಾಹೇಬ್ರು ಬದುಕ್ಯಾರೋ ಇಲ್ಲೋ ಅಂತ ಒಂದು ಮೇಲ್ ಹಾಕಿ ಕೇಳ್ಬೇಕ್ರಿ.”

ಲಕ್ಷ್ಮಣಪ್ಪನವರು ಒಳ್ಳೆಯ ಮನುಷ್ಯ. ಆದರೆ ಯಾವುದನ್ನೂ ನೇರವಾಗಿ ಕೇಳುವುದು ಅವರ ಸ್ವಭಾವದಲ್ಲಿರಲಿಲ್ಲ. ಬದುಕಿದ್ದಾರಾ ಎಂದು ಹೇಗೆ ಕೇಳುವುದು? ಅರ್ಧ ಗಂಟೆ ಯೋಚಿಸಿ, ‘ವೋಗೆಲ್ ಸಾಹೇಬರ ಸದ್ಯದ ಸ್ಥಿತಿಯನ್ನು ದಯಮಾಡಿ ತಿಳಿಸಿ’ ಎಂದು ಬರೆದರು. ಶುಕ್ರವಾರ ಉತ್ತರ ಬಂತು. ಒಂದೇ ಸಾಲು. ‘ಮಿಸ್ಟರ್ ವೋಗೆಲ್ ಡಿಪಾರ್ಟೆಡ್ ದಿಸ್ ಮಾರ್ನಿಂಗ್.’

ಹೊರಟಿದ್ದಾರೆ ಎಂದು ಬರೆದವರ ಅರ್ಥ. ಆದರೆ ಲಕ್ಷ್ಮಣಪ್ಪನವರು ಆ ಪದವನ್ನು ಅಲ್ಲಿಯತನಕ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ಬಿಟ್ಟು ಬೇರೆಲ್ಲೂ ಓದಿರಲಿಲ್ಲ. ಅವರು ಕನ್ನಡಕ ತೆಗೆದರು. “ಈಶಪ್ಪ, ಇವತ್ತು ಬೆಳಿಗ್ಗೆ ಹೋಗ್ಬಿಟ್ರಂತೆ,” ಎಂದರು.

ಈಶಪ್ಪನವರು ಲೆಕ್ಕ ಹಾಕಿದರು. ಎರಡು ತಿಂಗಳ ಹಿಂದೆ ತಾನು ಗರಗಸದಿಂದ ಕೊಯ್ದ ಹಲಗೆಯ ಮೇಲೆ ಹೆಸರಿದ್ದ ಮನುಷ್ಯ, ಜನ ಸತ್ತನೆಂದು ಕೂಗಿದ ಎರಡೇ ದಿನಕ್ಕೆ ನಿಜವಾಗಿಯೂ ಸತ್ತಿದ್ದ. ಅವರಿಗೆ ಮೊದಲ ಸಲ ಆ ಟೀಪಾಯಿಯ ಬಗ್ಗೆ ಹೆದರಿಕೆ ಹುಟ್ಟಿತು. ಮನೆಗೆ ಹೋಗಿ ಮಹಾನಂದಾಳಿಗೆ ಏನೂ ಹೇಳದೆ, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾರ್ಖಾನೆಯಲ್ಲಿ ಹೊಸ ಮಷೀನಿನ ಮುಂದೆ ಸಂತಾಪ ಸಭೆ. ಎಲ್ಲ ಯಂತ್ರ ನಿಲ್ಲಿಸಿದರು. ಮಷೀನಿಗೆ ಚೆಂಡುಹೂವಿನ ಹಾರ. ವೋಗೆಲ್ ಸಾಹೇಬರ ಫೋಟೋ ಯಾರ ಹತ್ತಿರವೂ ಇಲ್ಲದ್ದರಿಂದ ಹಾರವನ್ನು ಮಷೀನಿನ ಸ್ವಿಚ್ಚಿಗೇ ಹಾಕಿದ್ದರು. ಲಕ್ಷ್ಮಣಪ್ಪನವರು, ಕಂಡರಿಯದ ಆ ಮನುಷ್ಯನ ಸರಳತೆಯನ್ನು ಐದು ನಿಮಿಷ ಹೊಗಳಿ, “ಎರಡು ನಿಮಿಷ ಮೌನ,” ಎಂದರು. ನೂರಾ ಎಂಬತ್ತು ಜನ ತಲೆ ಬಗ್ಗಿಸಿದರು.

ಮೌನ ಅರ್ಧ ಮುಗಿದಿರಬೇಕು. ಗೇಟಿನ ಕಡೆಯಿಂದ ಒಬ್ಬ ಎತ್ತರದ, ಟೊಮೇಟೊ ಬಣ್ಣದ ಮುಖದ ವಿದೇಶಿ, ಹೆಗಲಿಗೆ ಚೀಲ ಹಾಕಿಕೊಂಡು ಒಳಗೆ ಬಂದ. ಎಲ್ಲರೂ ತಲೆ ಬಗ್ಗಿಸಿ ನಿಂತಿರುವುದನ್ನು ಕಂಡು, ಮರ್ಯಾದಸ್ಥ ಮನುಷ್ಯ, ಟೋಪಿ ತೆಗೆದು ಈಶಪ್ಪನವರ ಪಕ್ಕದಲ್ಲಿ ತಾನೂ ತಲೆ ಬಗ್ಗಿಸಿ ನಿಂತ. ಸಭೆ ಮುಗಿದ ಮೇಲೆ ಈಶಪ್ಪನವರ ಕಿವಿಯ ಹತ್ತಿರ ಬಗ್ಗಿ, ಯಾರು ತೀರಿಕೊಂಡರು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ.

“ಮಿಸ್ಟರ್ ವೋಗೆಲ್,” ಎಂದರು ಈಶಪ್ಪನವರು ಕಣ್ಣೊರೆಸಿಕೊಳ್ಳುತ್ತಾ. “ಜರ್ಮನಿ.”

ಆ ಮನುಷ್ಯ ತನ್ನ ಎದೆಯ ಮೇಲಿದ್ದ ಹೆಸರಿನ ಪಟ್ಟಿಯನ್ನು ಒಮ್ಮೆ ನೋಡಿಕೊಂಡು, ಈಶಪ್ಪನವರಿಗೂ ತೋರಿಸಿದ.

ಈಶಪ್ಪನವರು ಅವನನ್ನು ತಬ್ಬಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ಅವರು ಕಾರ್ಖಾನೆಯೊಳಗೆ ಯಾರನ್ನೂ ತಬ್ಬಿಕೊಂಡಿರಲಿಲ್ಲ. ತಬ್ಬಿಕೊಂಡವರು ಬಿಡಲೂ ಇಲ್ಲ. “ಸಾರ್, ಕಮ್ ಟು ಮೈ ಹೌಸ್, ಅರ್ಜೆಂಟ್,” ಎಂದು ಕೈ ಹಿಡಿದು ಎಳೆದರು. ಲಕ್ಷ್ಮಣಪ್ಪನವರು ನಾಚಿಕೆಯಿಂದ ಹಾರ ಬಿಚ್ಚಿ, ಅದನ್ನೇ ವೋಗೆಲ್ ಸಾಹೇಬರ ಕೊರಳಿಗೆ ಸ್ವಾಗತವೆಂದು ಹಾಕಿ, ಸಂಜೆಗೆ ಕಂಪನಿಯ ಕಾರನ್ನೂ ಕೊಟ್ಟರು.

ಕಾರು ಲಗ್ಗೆರೆಯ ಬೀದಿಗೆ ಬಂದಾಗ ಇರಣ್ಣ ಆಗಲೇ ಲಕ್ಷ್ಮಮ್ಮನ ಜಗಲಿಯಲ್ಲಿ ಕೂತಿದ್ದರು. ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡ ಬಿಳಿ ಮನುಷ್ಯ ಇಳಿದದ್ದೇ ರುದ್ರಮ್ಮ ಕಿರುಚಿ ಒಳಗೆ ಓಡಿ ಚಿಲಕ ಹಾಕಿಕೊಂಡಳು.

“ಇವರ ನೋಡ್ರಿ ವೋಗೆಲ್ ಸಾಹೇಬ್ರು!” ಎಂದರು ಈಶಪ್ಪನವರು.

“ಪಾದ ತೋರ್ಸು ಅನ್ನು,” ಎಂದಳು ಲಕ್ಷ್ಮಮ್ಮ, ಬಾಗಿಲ ಮರೆಯಿಂದ. “ದೆವ್ವುಕ್ಕೆ ಪಾದ ಇಂದಿಂದಕ್ಕೆ ಇರ್ತವೆ.”

ವೋಗೆಲ್ ಸಾಹೇಬರು ಬೂಟು ಬಿಚ್ಚಿದರು, ಕಾಲುಚೀಲವನ್ನೂ ಬಿಚ್ಚಿದರು. ಈ ದೇಶದಲ್ಲಿ ಮನೆಯೊಳಗೆ ಹೋಗುವ ಮುಂಚೆ ಹೀಗೆ ಮಾಡಬೇಕೆಂದು ಅವರಿಗೆ ಮೊದಲೇ ಯಾರೋ ಹೇಳಿದ್ದರು. ಪಾದ ಮುಂದಕ್ಕೇ ಇದ್ದವು. ಇರಣ್ಣ ಪಾಸ್‌ಪೋರ್ಟು, ಮುಖ ಎರಡನ್ನೂ ಮೂರು ಸಲ ಹೋಲಿಸಿ, ‘ಖುದ್ದಾಗಿ ಕಂಡಿದ್ದು, ಜೀವಂತ ಇರುತ್ತಾರೆ’ ಎಂದು ಬರೆದು, ವೋಗೆಲ್ ಸಾಹೇಬರಿಂದಲೇ ಸಹಿ ಹಾಕಿಸಿಕೊಂಡು ಹೊರಟುಹೋದರು.

ಆದರೂ ಲಕ್ಷ್ಮಮ್ಮನ ಅನುಮಾನ ಪೂರ್ತಿ ಹೋಗಿರಲಿಲ್ಲ. “ಮನುಸ್ಯ ಬದ್ಕವ್ನೆ, ಸರಿ. ಮರ ಎಂಥಾದ್ದು? ಅದ್ನ ಕೇಳು,” ಎಂದಳು. ಮಹಾನಂದಾ ಮೆಟ್ಟಿಲ ಮೇಲೆ ನಿಂತಿದ್ದಳು. ಪಾತ್ರೆಯ ಗೋಣಿಚೀಲ ಅವಳ ಬೆನ್ನ ಹಿಂದೆಯೇ ಇತ್ತು.

ಬೀದಿಯಿಂದ ಜಗಲಿಯ ಮೂಲೆಗೆ ಸರಿಸಿಟ್ಟಿದ್ದ ಟೀಪಾಯಿಯನ್ನು ವೋಗೆಲ್ ಸಾಹೇಬರು ತಾವೇ ಮಗುಚಿದರು. ತಮ್ಮ ಹೆಸರನ್ನು ಕಂಡು ಮಕ್ಕಳ ಹಾಗೆ ನಕ್ಕರು. ಹಲಗೆಯನ್ನು ತಟ್ಟಿದರು, ಮೂಸಿದರು, ಸವರಿದರು. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಬಹಳ ಒಳ್ಳೆಯ ಓಕ್. ನಮ್ಮೂರಿನ ಹಳೇ ಕೊಟ್ಟಿಗೆಗಳನ್ನು ಕೆಡವಿದಾಗ ಸಿಗುವ ಮರ. ಇನ್ನೂರು ವರ್ಷ ಹಳೆಯದು. ಕಂಪನಿಯವರು ಅದನ್ನು ಕೊಂಡು ಪೆಟ್ಟಿಗೆಗೆ ಹಾಕುತ್ತಾರೆ.

ಈಶಪ್ಪನವರು ಒಂದೊಂದೇ ವಾಕ್ಯವನ್ನು ಅಳೆದು ತೂಗಿ ಕನ್ನಡಕ್ಕೆ ತಂದರು. ಇನ್ನೂರು ವರ್ಷದ ದನದ ಕೊಟ್ಟಿಗೆ ಎಂದಾಗ ಹೆಂಗಸರ ಮುಖ ಅರಳಿತು. ಲಕ್ಷ್ಮಮ್ಮ ಬಾಗಿಲ ಮರೆಯಿಂದ ಈಚೆಗೆ ಬಂದು ಜಗಲಿಯ ಚಾಪೆಯ ಮೇಲೆ ಕೂತೂ ಬಿಟ್ಟಳು.

ವೋಗೆಲ್ ಸಾಹೇಬರು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮನುಷ್ಯ ಭಾವುಕನಾಗಿದ್ದ. ಹಲಗೆಯ ಮೇಲೆ ಕೈಯಿಟ್ಟು, ಹನ್ನೆರಡು ವರ್ಷದ ಹಿಂದೆ ನಮ್ಮ ತಂದೆಯ ಶವಪೆಟ್ಟಿಗೆಯನ್ನೂ ಇದೇ ಓಕ್‌ನಲ್ಲಿ ಮಾಡಿಸಿದ್ದೆ, ಎಂದರು. ‘ಕಾಫಿನ್’ ಎಂಬ ಪದ ಅವರ ಬಾಯಲ್ಲಿ ಗಟ್ಟಿಯಾಗಿಯೇ ಬಂತು.

ಜಗಲಿಯ ಅಂಚಿನಲ್ಲಿ ಕೂತು ಕೇಳುತ್ತಿದ್ದ ನಂದೀಶ ಥಟ್ಟನೆ ಎದ್ದ. “ಕಾಫಿ ಕೇಳ್ತಿದ್ದಾರೆ! ಪಾಪ, ಅವಾಗಿಂದ ಒಂದು ಲೋಟ ನೀರೂ ಕೊಟ್ಟಿಲ್ವಲ್ಲ ನಾವು!” ಎಂದು ಫ್ಲಾಸ್ಕ್ ಹಿಡಿದು ದರ್ಶಿನಿಯ ಕಡೆ ಓಡಿದ.

“ಏನಂತೆ?” ಎಂದಳು ಲಕ್ಷ್ಮಮ್ಮ. “ಕಾಫಿ ಒಂದ್ಕೇ ಅಷ್ಟುದ್ದ ಮಾತಾ? ಅಪ್ಪನ್ ಇಸ್ಯ ಏನೋ ಯೋಳ್ದಂಗಿತ್ತು. ಫಾದ್ರು ಫಾದ್ರು ಅಂದ.”

ಎಲ್ಲರೂ ಈಶಪ್ಪನವರನ್ನು ನೋಡಿದರು. ಮಹಾನಂದಾ ನೋಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಈಶಪ್ಪನವರ ಹುಟ್ಟುಗುಣ. ಅದನ್ನು ಈಗ ಪಾಲಿಸಿದರೆ ನಾಳೆಗೆ ಬೇರೆ ಮನೆ ಹುಡುಕಬೇಕು. ಅವರು ಗಂಟಲು ಸರಿಮಾಡಿಕೊಂಡರು.

“ಇವರ ಅಪ್ಪಾರೂ ಇದ ಮರದಾಗ ಮಲಗ್ಯಾರಂತ್ರಿ. ಹನ್ನೆರಡು ವರ್ಷ ಆತಂತ.”

“ಮಂಚ ಮಾಡ್ಸವ್ರಾ?”

“ಹಂ… ಮಲಗೂದರ ಸಲುವಾಗೇ ಮಾಡಿಸ್ಯಾರ.”

“ಸೊಂಟನೋವು ಗಿಂಟನೋವು ಬರಲ್ವಂತಾ? ನಂಗೆ ಈ ಕಬ್ಣುದ್ ಮಂಚದ್ ಮೇಲೆ ಮಲ್ಗಿ ಮಲ್ಗಿ ಮೂಳೆ ಪುಡಿಯಾಗೋಗದೆ.”

“ಅಪ್ಪಾರಿಂದ ಇಲ್ಲೀತನಕ ಒಂದೂ ದೂರು ಬಂದಿಲ್ರಿ.”

ಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, ಚಾಪೆಯ ಮೇಲೆ ಉದ್ದಕ್ಕೆ ಮಲಗಿ, ಎರಡೂ ಕೈ ಎದೆಯ ಮೇಲಿಟ್ಟುಕೊಂಡಳು.

“ಅಂಗಾದ್ರೆ ಮನೆ ಗಿನೆ ಖಾಲಿ ಮಾಡೋದೆಲ್ಲ ಬ್ಯಾಡ. ನಂಗೂ ಅಂಥದೊಂದು ಮಾಡ್ಕೊಡು. ಬಾ, ಅಳ್ತೆ ತಕ್ಕೋ.”

ಮೇಲೆ ಮಹಾನಂದಾ ಗೋಣಿಚೀಲವನ್ನು ಕಾಲಿನಿಂದ ಒಳಕ್ಕೆ ತಳ್ಳಿದಳು. ಈಶಪ್ಪನವರು ಜೇಬಿನ ಟೇಪು ತೆಗೆದು ಮುದುಕಿಯ ನೆತ್ತಿಯ ಹತ್ತಿರ ಮಂಡಿಯೂರಿದರು. ವೋಗೆಲ್ ಸಾಹೇಬರಿಗೆ ಕನ್ನಡ ಬಾರದು, ಆದರೆ ಕಣ್ಣಿತ್ತು. ತಾನು ಅಪ್ಪನ ಶವಪೆಟ್ಟಿಗೆಯ ಮಾತೆತ್ತಿದ ಎರಡೇ ನಿಮಿಷಕ್ಕೆ ಈ ವೃದ್ಧೆ ಇಷ್ಟು ನೆಮ್ಮದಿಯಿಂದ ಅಳತೆ ಕೊಡಲು ಮಲಗಿದ್ದನ್ನು ಕಂಡು ಅವರ ಕಣ್ಣು ತುಂಬಿತು. ಇಂಥ ದೊಡ್ಡ ಮನಸ್ಸನ್ನು ಅವರು ತಮ್ಮ ದೇಶದಲ್ಲಿ ಕಂಡಿರಲಿಲ್ಲ. ಅವರೂ ಮಂಡಿಯೂರಿ, ಟೇಪಿನ ಇನ್ನೊಂದು ತುದಿಯನ್ನು ಎರಡೂ ಕೈಯಿಂದ, ದೇವಸ್ಥಾನದಲ್ಲಿ ಹಿಡಿದ ಹಾಗೆ, ಲಕ್ಷ್ಮಮ್ಮನ ಪಾದದ ಹತ್ತಿರ ಹಿಡಿದುಕೊಂಡರು.

“ಐದು ಅಡಿ ಒಂದು ಇಂಚು,” ಎಂದರು ಈಶಪ್ಪನವರು.

“ಒಸಿ ಅಗಲವಾಗೇ ಮಾಡಪ್ಪ,” ಎಂದಳು ಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡೇ. “ಒಳ್ಳಾಡಾಕೆ ಜಾಗ ಇರ್ಲಿ.”